ಕಾಲರ್ ಲೈನಿನ ಊಟದ ಡಬ್ಬಿ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದೇನೋ ಸರಿ. ಆದರೆ ಪೇಂಟರನ ಬಲಗಾಲು, ಏಣಿಯಿಂದ ಬಿದ್ದ ದಿನದಿಂದ, ತೊಡೆಯವರೆಗೂ ಪ್ಲಾಸ್ಟರಿನೊಳಗೆ ನೆಟ್ಟಗೆ ಚಾಚಿಯೇ ಇತ್ತು. ಮಡಿಸುವ ಮಾತೇ ಇರಲಿಲ್ಲ. ಎಂಟು ವಾರ ಗೋಡೆ, ಬ್ರಷ್ಷು ಯಾವುದರ ತಂಟೆಗೂ ಹೋಗಬೇಡ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ದಿನಗೂಲಿ ನಿಂತಿತು. ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗೆ ಕಾಲರ್ ಕೂರಿಸುವ ಅವನ ಹೆಂಡತಿ ಆ ಕೊರತೆ ತುಂಬಿಸಲು ದಿನಕ್ಕೆರಡು ಗಂಟೆ ಹೆಚ್ಚು ದುಡಿಯತೊಡಗಿದಳು. ಹೀಗಾಗಿ ಅಡುಗೆಮನೆ, ಕೇಳದೆ ಬಂದ ಬಡ್ತಿಯ ಹಾಗೆ, ಪೇಂಟರನ ತಲೆಗೆ ಬಂತು.

ಭಾನುವಾರ ಸಂಜೆ ಹೆಂಡತಿ ವಾರದ ದುಡ್ಡನ್ನು ಅವನ ಕೈಗಿಟ್ಟು, "ರೀ, ಇದು ಶನಿವಾರದವರೆಗೂ ಬರಬೇಕು," ಎಂದಳು.

"ಅಯ್ಯೋ, ದೊಡ್ಡ ದೊಡ್ಡ ಕಟ್ಟಡಕ್ಕೆ ಎಷ್ಟು ಡಬ್ಬ ಬಣ್ಣ ಬೇಕು ಅಂತ ಕಣ್ಣಲ್ಲೇ ಅಳೆದು ಹೇಳೋನು ನಾನು. ಮೂರು ಹೊಟ್ಟೆ ಯಾವ ಲೆಕ್ಕ?" ಎಂದ ಪೇಂಟರ್.

ಸೋಮವಾರ ಊರುಗೋಲು ಕುಟ್ಟುತ್ತ ಬೀದಿ ಕೊನೆಯ ಮಾರುಕಟ್ಟೆಗೆ ಹೋದವನು ಮೊಳದುದ್ದದ ಮೀನು, ಕಪ್ಪು ದ್ರಾಕ್ಷಿ, ಬೆಣ್ಣೆ, ಗೋಡಂಬಿ ಎಲ್ಲ ಕೊಂಡು, ಹೊರಲಾರದೆ ಕೂಲಿಯವನ ಕೈಯಲ್ಲಿ ಹೊರಿಸಿಕೊಂಡು ಬಂದ. ಎರಡು ದಿನ ಮನೆಯಲ್ಲಿ ಮದುವೆಯೂಟ. ಬುಧವಾರ ಮಧ್ಯಾಹ್ನ ಜೇಬು ಬರಿದು. ಗುರುವಾರದಿಂದ ಬ್ರೆಡ್ಡು, ಟೀ, ಬೇಯಿಸಿದ ಆಲೂಗಡ್ಡೆ. ಶುಕ್ರವಾರ ಬರೀ ಆಲೂಗಡ್ಡೆ.

ನಾಲ್ಕನೇ ತರಗತಿಯ ಮಗಳನ್ನು ಮನೆಯವರು ಕರೆಯುತ್ತಿದ್ದುದು ಗುಬ್ಬಿ ಎಂದು. ಅವಳು ತಟ್ಟೆ ನೋಡಿ ನಿಟ್ಟುಸಿರಿಟ್ಟಳು. "ಅಪ್ಪಾ, ಮೀನು ತುಂಬಾ ಚೆನ್ನಾಗಿತ್ತು. ಸೋಮವಾರ."

ಹೆಂಡತಿ ಆಲೂಗಡ್ಡೆಯ ಸಿಪ್ಪೆ ಬಿಡಿಸುತ್ತ ತುಟಿ ಕಚ್ಚಿ ನಗು ತಡೆದುಕೊಂಡಳು. ಪೇಂಟರನಿಗೆ ಬೈಗುಳವಾದರೂ ವಾಸಿ ಅನ್ನಿಸಿತು.

ಮರುವಾರ ಅವನು ಜಂಬವನ್ನು ಮನೆಯಲ್ಲೇ ಬಿಟ್ಟು ಮಾರುಕಟ್ಟೆಗೆ ಹೋದ. ಮೂಲೆಯಲ್ಲಿ ಸೊಪ್ಪು ಮಾರುವ ಅಜ್ಜಿಯೊಬ್ಬಳು ಗೋಣಿ ಹಾಸಿಕೊಂಡು ಕೂತಿರುತ್ತಿದ್ದಳು. ಬಾಯಲ್ಲಿ ಹಲ್ಲು ನಾಲ್ಕೇ ಇದ್ದರೂ ಮಾತು ನಲವತ್ತು ಹಲ್ಲಿನವಳದು. ಅವನು ಎಳೆ ಮೂಲಂಗಿ ಕೊಂಡು, ಎಲೆಗಳನ್ನು ಮುರಿದು ಪಕ್ಕದ ಬುಟ್ಟಿಗೆ ಎಸೆದಿದ್ದೇ ತಡ, ಅಜ್ಜಿ ಅವನ ಊರುಗೋಲನ್ನೇ ಹಿಡಿದಳು.

"ಏನಪ್ಪಾ ಕುಂಟಪ್ಪ, ಅರ್ಧ ದುಡ್ಡು ಬಿಸಾಕಿ ಹೋಗ್ತಿದ್ದೀಯಲ್ಲ!"

"ಎಲೆ ಅಲ್ವಾ ಅಜ್ಜಿ ಅದು?"

"ಎಲೆ ಅಂದ್ರೆ ಇನ್ನೊಂದು ಹೊತ್ತಿನ ಊಟ. ತರಕಾರೀಲಿ ಬಿಸಾಕೋದು ಅಂತ ಇರೋದು ಮಣ್ಣು ಒಂದೇ. ಬೆಳಗ್ಗೆ ಬರಬೇಡ, ಸಂತೆ ಏಳೋ ಹೊತ್ತಿಗೆ ಬಾ. ಮೆತ್ತಗಾದ ಟೊಮೆಟೊ ಯಾರೂ ಮುಟ್ಟಲ್ಲ, ಅರ್ಧ ರೇಟಿಗೆ ಕೊಡ್ತೀನಿ. ಹೆಣ್ಣು ನೋಡೋಕೆ ಬಂದವರ ಹಾಗೆ ಅದರ ಮುಖ ನೋಡ್ತಾ ಕೂರಬೇಡ. ಹೆಚ್ಚಿ ಬಾಣಲೆಗೆ ಹಾಕಿದ ಮೇಲೆ ಯಾರ ಮುಖ ಯಾರಿಗೆ ಕಾಣುತ್ತೆ?"

ಅಂದಿನಿಂದ ಅಜ್ಜಿ ಗುರು, ಪೇಂಟರ್ ಶಿಷ್ಯ. ಬೇಳೆಯನ್ನು ರಾತ್ರಿಯೇ ನೆನೆಹಾಕಿದರೆ ಗ್ಯಾಸು ಉಳಿಯುತ್ತದೆ, ಹೂಕೋಸಿನ ದಂಟನ್ನು ಸಣ್ಣಗೆ ಹೆಚ್ಚಿದರೆ ಹೂವಿಗಿಂತ ರುಚಿ, ಮಾಂಸದಂಗಡಿಯವನು ಮುಚ್ಚುವ ಹೊತ್ತಿಗೆ ಮೂಳೆಯನ್ನು ಪುಕ್ಕಟೆ ಎಂಬಷ್ಟು ಅಗ್ಗಕ್ಕೆ ಕೊಡುತ್ತಾನೆ ಎಂಬುದೆಲ್ಲ ಅವನಿಗೆ ತಿಳಿಯುತ್ತ ಬಂತು.

ಒಂದು ವಿದ್ಯೆ ಮಾತ್ರ ಅವನದೇ ಕಸುಬಿನಿಂದ ಬಂದದ್ದು. ಗೋಡೆಯ ಬಿರುಕು ಮುಚ್ಚುವ ಪುಟ್ಟಿ ಹಚ್ಚಿ, ಅದು ಒಣಗುವವರೆಗೆ ಕಾಯದೆ ಬಣ್ಣ ಬಳಿದವನ ಕೆಲಸ ಆರು ತಿಂಗಳಲ್ಲಿ ಚಕ್ಕೆ ಏಳುತ್ತದೆ. ಈರುಳ್ಳಿಯೂ ಹಾಗೇ ಎಂದು ಅವನು ಕಂಡುಕೊಂಡ. ಎತ್ತರದ ಸ್ಟೂಲಿನ ಮೇಲೆ ಕೂತು, ಪ್ಲಾಸ್ಟರಿನ ಕಾಲನ್ನು ಇನ್ನೊಂದು ಸ್ಟೂಲಿನ ಮೇಲೆ ಚಾಚಿ, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಈರುಳ್ಳಿ ಕೈಯಾಡಿಸುತ್ತಿದ್ದ. ಮೊದಲು ಮರಳಿನ ಬಣ್ಣ, ಆಮೇಲೆ ಜೇನಿನ ಬಣ್ಣ, ಕೊನೆಗೆ ಪಾಲಿಶ್ ಹಾಕಿದ ತೇಗದ ಬಣ್ಣ. ಬಣ್ಣ ಗುರುತಿಸುವುದರಲ್ಲಿ ಅವನ ಕಣ್ಣಿಗೆ ಎದುರಿಲ್ಲ. ಒಂದು ಹಿಡಿ ಬೇಳೆಯಾಗಲಿ, ನಿನ್ನೆಯ ಅನ್ನವಾಗಲಿ, ಆ ತೇಗದ ಬಣ್ಣದ ಈರುಳ್ಳಿ ಬಿದ್ದರೆ ಕಳೆಯೇ ಬೇರೆ. ಗುಬ್ಬಿ ತಟ್ಟೆ ನೆಕ್ಕತೊಡಗಿದಳು. ಹೆಂಡತಿಯ ಊಟದ ಡಬ್ಬಿ ದಿನವೂ ತೊಳೆದಷ್ಟು ಖಾಲಿಯಾಗಿ ವಾಪಸು ಬರುತ್ತಿತ್ತು. ಶನಿವಾರದ ಹೊತ್ತಿಗೆ ಜೇಬಿನಲ್ಲಿ ಇನ್ನೂ ಚಿಲ್ಲರೆ ಸದ್ದಾಗುತ್ತಿತ್ತು.

ಐದನೇ ವಾರದ ಒಂದು ಮಧ್ಯಾಹ್ನ ಯಾರೋ ಬಾಗಿಲು ಬಡಿದರು. ದಪ್ಪ ಕನ್ನಡಕದ ಹೆಂಗಸು. ಹೆಂಡತಿಯ ಲೈನಿನಲ್ಲೇ, ಪಕ್ಕದ ಮಿಷಿನ್ನಿನಲ್ಲಿ ಕೂರುವವಳಂತೆ. ಬೆರಳಿಗೆ ಸೂಜಿ ಹೊಕ್ಕು ಅರ್ಧ ದಿನ ರಜೆ ಸಿಕ್ಕಿದ್ದರಿಂದ, ಹೆಂಡತಿ ಮರೆತು ಬ್ಯಾಗಿನಲ್ಲಿ ಒಯ್ದಿದ್ದ ಅವನ ಔಷಧಿ ಚೀಟಿಯನ್ನು ಕೊಟ್ಟು ಹೋಗಲು ಬಂದಿದ್ದಳು. ಒಳಗೆ ಈರುಳ್ಳಿಯ ಘಮ ತುಂಬಿತ್ತು. ಆಕೆ ಕಣ್ಮುಚ್ಚಿ ಒಮ್ಮೆ ಉಸಿರೆಳೆದುಕೊಂಡಳು.

"ಅದೃಷ್ಟ ಅಂದ್ರೆ ನಿಮ್ಮದು ಅಣ್ಣಾ. ಎಂಥ ಕೈರುಚಿ ನಿಮ್ಮನೆಯವಳದು! ಊಟದ ಬೆಲ್ ಹೊಡೀತು ಅಂದ್ರೆ ನಾವೆಲ್ಲ ಅವಳ ಡಬ್ಬಿ ಸುತ್ತ ಕಾಗೆಗಳ ಹಾಗೆ. ಪಾಪ, ನಾಲ್ಕು ಗಂಟೆಗೇ ಎದ್ದು ಅಡುಗೆ ಮಾಡಿ, ನಿಮ್ಮನ್ನೂ ನೋಡ್ಕೊಂಡು, ಆಮೇಲೆ ಕೆಲಸಕ್ಕೆ ಬರ್ತಾಳಂತಲ್ಲ?"

ಪೇಂಟರ್ ಸೌಟನ್ನು ಬೆನ್ನ ಹಿಂದೆ ಅಡಗಿಸಿದ. "ಹೂಂ... ಏಳ್ತಾಳೆ," ಎಂದ.

ಆಕೆ ಹೋದ ಮೇಲೆ ಈರುಳ್ಳಿ ತೇಗ ದಾಟಿ ಇದ್ದಿಲಿನ ಬಣ್ಣಕ್ಕೆ ತಿರುಗಿತು. ಅಷ್ಟು ದಿನದಲ್ಲಿ ಅವನು ಈರುಳ್ಳಿ ಸೀಯಿಸಿದ್ದು ಅದೇ ಮೊದಲು. ಸಂಜೆ ಹೆಂಡತಿಗೆ ಅವನು ಚೀಟಿ ಬಂದದ್ದನ್ನಷ್ಟೇ ಹೇಳಿದ. ಮರುದಿನ ಬೆಳಿಗ್ಗೆ ಮೂಳೆಯ ಸಾರಿನಲ್ಲಿ ಬೇಳೆ ಬೇಯಿಸಿ, ಮೂಲಂಗಿ ಎಲೆ ಹಾಕಿ, ಈರುಳ್ಳಿ ಹದವಾಗಿ ಹುರಿದು, ಘಮಘಮಿಸುವ ಡಬ್ಬಿ ಕಟ್ಟಿಕೊಟ್ಟ. ಉಪ್ಪು ಮಾತ್ರ ಹಾಕಲಿಲ್ಲ. ಒಂದು ಹರಳೂ ಹಾಕಲಿಲ್ಲ.

ಸಂಜೆ ಹೆಂಡತಿ ಚಪ್ಪಲಿ ಬಿಡುವುದಕ್ಕೂ ಮೊದಲೇ ಕೇಳಿದಳು. "ಏನ್ರೀ, ಉಪ್ಪು ಮರೆತಿರಾ? ಏಳು ಜನ ಬಾಯಿಗಿಟ್ಟು ಮುಖ ಮುಖ ನೋಡ್ಕೊಂಡ್ರು. ನನ್ನ ಮಾನ ಹೋಯ್ತು!"

"ನಾನೆಲ್ಲಿ ಮರೆತೆ? ನಾಲ್ಕು ಗಂಟೆಗೆ ಎದ್ದು ಅಡುಗೆ ಮಾಡೋಳು ನೀನಲ್ವಾ?"

ಹೆಂಡತಿ ಅಲ್ಲೇ ಹೊಸ್ತಿಲ ಬಳಿಯ ಕುರ್ಚಿಯಲ್ಲಿ ಕೂತಳು. ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಕಾಲು ಬರಿದು. ಮುಖ ಕೆಂಪಾಗಿತ್ತು.

"ಮೊದಲನೇ ದಿನ ಅವರು, ಇದು ಯಾರು ಮಾಡಿದ್ದು, ಸೂಪರ್ ಆಗಿದೆ ಅಂದ್ರು. ಬಾಯಿಂದ ನಿಮ್ಮ ಹೆಸರು ಬರೋದ್ರಲ್ಲಿತ್ತು. ಅಷ್ಟರಲ್ಲಿ ಒಬ್ಬಳು, ನಿನ್ನ ಕೈರುಚಿ ಇಷ್ಟು ಚೆನ್ನಾಗಿದೆ ಅಂತ ಗೊತ್ತೇ ಇರಲಿಲ್ಲ ಕಣೇ ಅಂತ ನನ್ನ ಕೈ ಹಿಡ್ಕೊಂಡಳು." ಅವಳು ಬೆರಳು ನೋಡಿಕೊಂಡಳು. "ಹನ್ನೆರಡು ವರ್ಷ ಈ ಮನೇಲಿ ಅಡುಗೆ ಮಾಡಿದೀನಿ. ಒಂದು ದಿನಾನೂ ಯಾರೂ ಚೆನ್ನಾಗಿದೆ ಅಂದಿದ್ದಿಲ್ಲ. ನೀವೂ ಅಂದಿಲ್ಲ. ಮಾತು ಕೇಳೋಕೆ ಎಷ್ಟು ಹಿತವಾಗಿತ್ತು ಅಂದ್ರೆ... ಹಾಗೇ ಇಟ್ಕೊಂಡುಬಿಟ್ಟೆ."

ಪೇಂಟರ್ ಹನ್ನೆರಡು ವರ್ಷದ ಊಟಗಳಲ್ಲಿ ಒಂದನ್ನಾದರೂ ನೆನೆಯಲು ನೋಡಿದ. ತಟ್ಟೆ ನೆನಪಿತ್ತು, ಮುಂದಿನ ದಿನದ ಕೆಲಸದ ಯೋಚನೆ ನೆನಪಿತ್ತು; ರುಚಿ ಮಾತ್ರ ಯಾವುದೂ ನಾಲಿಗೆಗೆ ಬರಲಿಲ್ಲ. ಉಪ್ಪಿಲ್ಲದ ಸಾರು ಕುಡಿದವನ ಹಾಗಾಯಿತು ಅವನಿಗೆ.

"ತಪ್ಪು ನಂದೂ ಇದೆ," ಎಂದ ಕೊನೆಗೆ.

"ನಿಮ್ಮದೂ ಅಲ್ಲ, ನಿಮ್ಮದೇ," ಎಂದಳು ಹೆಂಡತಿ. ಆಮೇಲೆ ಇಬ್ಬರಿಗೂ ನಗು ಬಂತು. ಅಷ್ಟರಲ್ಲಿ ಗುಬ್ಬಿ ಅಡುಗೆಮನೆಯಿಂದ ಕೂಗಿದಳು. "ಅಮ್ಮಾ, ಇವತ್ತಿನ ಸಾರಿಗೂ ಅಪ್ಪ ಉಪ್ಪೇ ಹಾಕಿಲ್ಲ!"

ಮರುದಿನ ಹೆಂಡತಿ ಊಟದ ಬೆಲ್ ಹೊಡೆದ ಕೂಡಲೆ ಡಬ್ಬಿ ಮುಚ್ಚಳ ತೆಗೆಯುವ ಮೊದಲೇ ಎಲ್ಲ ಒಪ್ಪಿಕೊಂಡಳಂತೆ. ಲೈನಿನವರು ಬೈಯಬಹುದೆಂದು ಕಾದಳಂತೆ. ಕನ್ನಡಕದವಳು ಮೊದಲು ಬಾಯಿ ಬಿಟ್ಟುಕೊಂಡು ನೋಡಿದಳು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅದಕ್ಕೇ ಆ ಅಣ್ಣ ಸೌಟು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡಿದ್ದು!" ನಕ್ಕು ಮುಗಿದ ಮೇಲೆ ಎಲ್ಲರದೂ ಒಂದೇ ಮಾತು: ನಮಗೂ ಕೈ ಬಿಗಿ, ಆ ವಿದ್ಯೆ ನಮಗೂ ಹೇಳಿಕೊಡಿಸು.

ಭಾನುವಾರ ಏಳು ಹೆಂಗಸರು ಬಂದರು. ಯಾರೂ ಅಂಗಡಿಗೆ ಹೋಗಿ ಏನನ್ನೂ ಕೊಳ್ಳಕೂಡದು, ಮನೆಯಲ್ಲಿ ಉಳಿದದ್ದನ್ನೇ ತರಬೇಕು ಎಂದು ಪೇಂಟರ್ ಮೊದಲೇ ಹೇಳಿ ಕಳಿಸಿದ್ದ. ಅರ್ಧ ಎಲೆಕೋಸು, ಮೊಳಕೆ ಬಂದ ಆಲೂಗಡ್ಡೆ, ಗಟ್ಟಿಯಾದ ಬ್ರೆಡ್ಡು, ಒಂದು ಲೋಟ ಹೆಸರುಬೇಳೆ, ಬಾಡಿದ ಮೂರು ಕ್ಯಾರೆಟ್ಟು, ಆರು ಮೊಟ್ಟೆ. ಕನ್ನಡಕದವಳು ತಂದದ್ದು ಖಾಲಿ ಪಾತ್ರೆ. "ನಮ್ಮನೇಲಿ ಏನೂ ಉಳಿಯಲ್ಲ, ನಾಲ್ಕು ಗಂಡುಮಕ್ಕಳು," ಎಂದಳು.

ಅಡುಗೆಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಪೇಂಟರ್ ಸ್ಟೂಲಿನ ಮೇಲಿನಿಂದ ಮೇಸ್ತ್ರಿಯ ಹಾಗೆ ಆಜ್ಞೆ ಕೊಟ್ಟ. "ಮೊಳಕೆ ಆಳವಾಗಿ ಕಿತ್ತು ತೆಗೀರಿ. ಉರಿ ಕಮ್ಮಿ, ಇನ್ನೂ ಕಮ್ಮಿ! ಆತುರ ಇದ್ದೋರು ಹೊರಗೆ ನಡೀರಿ." ಒಬ್ಬಳು ಈರುಳ್ಳಿ ತಿರುವಿದಳು, ಇಬ್ಬರು ಎಲೆಕೋಸು ಹೆಚ್ಚಿದರು, ಗುಬ್ಬಿ ಬ್ರೆಡ್ಡಿನ ಪುಡಿ ಮಾಡಿ ಅರ್ಧ ತಿಂದಳು. ಮೊಟ್ಟೆಯ ಸರದಿ ಬಂದಾಗ ಪೇಂಟರ್ ಕೈಚೆಲ್ಲಿದ. ಆಮ್ಲೆಟ್ ತಿರುವಿ ಹಾಕುವುದು ಅವನಿಗೆ ಇನ್ನೂ ಬಾರದು, ಹರಿದುಹೋಗುತ್ತದೆ. ಹೆಂಡತಿ ಮುಂದೆ ಬಂದಳು. ಬಾಣಲೆಯ ಹಿಡಿಯನ್ನು ಒಮ್ಮೆ ಅಲುಗಿಸಿ, ಮಣಿಕಟ್ಟನ್ನು ಸರಕ್ಕನೆ ಮೇಲೆತ್ತಿದಳು. ದೋಸೆಯಗಲದ ಆಮ್ಲೆಟ್ ಗಾಳಿಯಲ್ಲಿ ಮಗುಚಿ, ಒಂದು ಅಂಚೂ ಮುರಿಯದೆ ಬಿತ್ತು. ಏಳು ಹೆಂಗಸರೂ ಹೋ ಎಂದರು.

ಪೇಂಟರ್ ಒಂದು ತುಂಡು ಬಾಯಿಗಿಟ್ಟು, ನಿಧಾನವಾಗಿ ಅಗಿದ. ಅಂಚು ಗರಿಗರಿ, ನಡು ಮೆತ್ತಗೆ, ಮೆಣಸಿನ ಸಣ್ಣ ಚುರುಕು. ಇದನ್ನು ಅವನು ನೂರಾರು ಸಲ ತಿಂದಿರಬೇಕು.

"ತುಂಬಾ ಚೆನ್ನಾಗಿದೆ," ಎಂದ ಎಲ್ಲರೆದುರು.

"ಜೋರಾಗಿ ಹೇಳಿ, ಹಿಂದಿದ್ದವರಿಗೆ ಕೇಳಿಸಲಿಲ್ಲ," ಎಂದಳು ಹೆಂಡತಿ, ಎರಡನೇ ಮೊಟ್ಟೆ ಒಡೆಯುತ್ತ.

ಅಂದು ಹತ್ತು ಜನ ಉಂಡು, ಕನ್ನಡಕದವಳ ಪಾತ್ರೆಯೂ ತುಂಬಿತು. ಎಂಟನೇ ವಾರ ಪ್ಲಾಸ್ಟರು ಬಿಚ್ಚಿದರು. ಪೇಂಟರ್ ಮೊದಮೊದಲು ಏಣಿ ಹತ್ತದೆ ಕಿಟಕಿ ಬಾಗಿಲುಗಳ ಕೆಲಸ ಹಿಡಿದ. ಅಡುಗೆಯ ಕೆಲಸವನ್ನು ಗಂಡ ಹೆಂಡತಿ ದಿನಗಳ ಲೆಕ್ಕದಲ್ಲಿ ಹಂಚಿಕೊಂಡರು. ಮೊಟ್ಟೆಯ ದಿನ ಮಾತ್ರ ಯಾವಾಗಲೂ ಅವಳದು. ಕಾಲರ್ ಲೈನಿನವರು ತಿಂಗಳಿಗೊಂದು ಭಾನುವಾರ ಒಬ್ಬೊಬ್ಬರ ಮನೆಯಲ್ಲಿ ಉಳಿದದ್ದನ್ನೆಲ್ಲ ಸೇರಿಸಿ ಅಡುಗೆ ಮಾಡತೊಡಗಿದರು. ಮುಂದಿನ ಸರದಿ ಕನ್ನಡಕದವಳ ಮನೆ. ಅವಳ ನಾಲ್ಕು ಗಂಡುಮಕ್ಕಳು ಈರುಳ್ಳಿ ಹುರಿಯುವ ಸರದಿಗೆ ಜಗಳವಾಡಿ, ಉರಿ ಜೋರು ಮಾಡಿ, ಒಂದು ಬಾಣಲೆಯನ್ನು ಸೀಯಿಸಿಯೇಬಿಟ್ಟರು. ಪೇಂಟರ್ ಬಗ್ಗಿ ನೋಡಿ, "ಇದು ರಸ್ತೆಗೆ ಹಾಕೋ ಟಾರಿನ ಬಣ್ಣ," ಎಂದ. ಬಾಣಲೆ ಉಜ್ಜಿ, ಇನ್ನೆರಡು ಈರುಳ್ಳಿ ಹೆಚ್ಚಿ, ಎಲ್ಲರೂ ಮತ್ತೆ ಮೊದಲಿನಿಂದ ಶುರು ಮಾಡಿದರು.