ಗೊಂದರಿಗೆ ಹೋದ ಅಕ್ಕ, ಅತ್ತೆ

ಸಾವಿರದ ಒಂಬೈನೂರ ಐವತ್ತಾರರಲ್ಲಿ ನಮ್ಮಕ್ಕ ಶಿವರುದ್ರಮ್ಮ ಮೈಸೂರಲ್ಲಿ ಬಿ.ಎಸ್ಸಿ. ಮುಗಿಸಿ ನಮ್ಮೂರು ತೆರಕಣಾಂಬಿಗೆ ಬಂದಳು. ಗುಂಡ್ಲುಪೇಟೆ, ಚಾಮರಾಜನಗರ ಎರಡೂ ಕಡೆ ಕೆಲಸಕ್ಕೆ ಅಲೆದಳು. ಎಲ್ಲೂ ಆಗಲಿಲ್ಲ. ಅಷ್ಟರಲ್ಲಿ ಆಫ್ರಿಕಾದ ಇಥಿಯೋಪಿಯಾಕ್ಕೆ ಮೇಷ್ಟ್ರುಗಳು ಬೇಕೆಂದು ಪೇಪರಿನಲ್ಲಿ ಬಂತು. ಅಕ್ಕ ಅರ್ಜಿ ಹಾಕಿಯೇಬಿಟ್ಟಳು. ಸಂದರ್ಶನಕ್ಕೆ ಬೆಂಗಳೂರಿಗೆ ಬರಹೇಳಿದರು.

ಒಬ್ಬಳನ್ನೇ ಕಳಿಸಲು ಮನಸ್ಸಾಗದೆ ಅಪ್ಪ ಕರಿಬಸತ್ತೆಯನ್ನೂ ಬಸ್ಸು ಹತ್ತಿಸಿದರು. ಅತ್ತೆ ಎಂದರೆ ಅಪ್ಪನ ಅಕ್ಕ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳಕೊಂಡು ತವರಿಗೆ ಬಂದು, ತಾಯಿಯಿಲ್ಲದ ನಮ್ಮನ್ನು ಸಾಕಿದವಳು.

ಅಕ್ಕ ಪಾಠ ಮಾಡಿ ತೋರಿಸಿದ್ದನ್ನು ಅಧಿಕಾರಿಗಳು ಮೆಚ್ಚಿದರಂತೆ. ಆದರೆ, "ಮದುವೆಯಾಗದ ಹುಡುಗಿಯನ್ನು ಒಬ್ಬಳೇ ಕಳಿಸಲಾರೆವು" ಎಂದುಬಿಟ್ಟರು. ಅಕ್ಕ ಕಣ್ಣೊರೆಸಿಕೊಂಡು ಹೊರಗೆ ಬಂದು ಹೇಳಿದಳು. ಅತ್ತೆ ಸೆರಗು ಸರಿಮಾಡಿಕೊಂಡು ಸೀದಾ ಒಳಗೆ ನಡೆದಳು.

"ಜೊತೇಲಿ ಯಾರಾದ್ರೂ ಇರ್ಬೇಕು ಅಂತ ತಾನೆ ಸ್ವಾಮಿ? ನಾನೋಯ್ತೀನಿ."

ಅಧಿಕಾರಿ ನಕ್ಕರು. "ಅಲ್ಲಿಯ ಭಾಷೆ ಬರುತ್ತದೇನಮ್ಮಾ ನಿಮಗೆ?"

"ಇವಳಿಗೆ ಬತ್ತದಾ? ಇಬ್ರೂ ಒಟ್ಗೇ ಕಲೀತೀವಿ ಬುಡಿ."

ಅಧಿಕಾರಿ ಇಬ್ಬರ ಹೆಸರನ್ನೂ ಬರೆದುಕೊಂಡರು. ಕೆಲಸ ಸಿಕ್ಕಿತು.

ಮನೆಯಲ್ಲಿ ಅಪ್ಪ ಹಾರಾಡಿದರು. "ಸಮುದ್ರ ದಾಟಿದ್ರೆ ನಿನ್ನ ಪೂಜೆ ಗತಿ ಏನಕ್ಕಾ?"

ಅತ್ತೆ ಎದೆಯ ಮೇಲಿನ ಲಿಂಗದ ಕರಡಿಗೆ ಮುಟ್ಟಿಕೊಂಡಳು. "ಶಿವ ನನ್ ಜೊತೇಲೇ ಬತ್ತಾನೆ ಕಣ್ಲಾ. ನೀನು ಓಗಿ ಮಗೀಗೆ ಒಂದು ಟ್ರಂಕು ತತ್ತಾ."

ಬೊಂಬಾಯಿಂದ ಹಡಗು, ಆಮೇಲೆ ರೈಲು, ಅದಾದ ಮೇಲೆ ಬೆಟ್ಟದ ದಾರಿಯ ಬಸ್ಸು. ಗೊಂದರ್ ಎಂಬ ಊರು. ಅಲ್ಲಿನ ಸಂತೆಯಲ್ಲಿ ರಾಗಿ ಕಂಡು ಅತ್ತೆಗೆ ಹೋದ ಜೀವ ಬಂದಂತಾಯಿತಂತೆ. ರಾಗಿ ಮಾರುವ ಹೆಂಗಸರ ಪಕ್ಕ ಕೂತು ಮಾತು ಕಲಿತಳು. ಅಕ್ಕನ ತರಗತಿಯಲ್ಲಿ ಬರೀ ಹುಡುಗರು. ಸಂಜೆ ಪಾಠ ಮುಗಿಸಿ ಇಬ್ಬರೂ ಆ ಹೆಂಗಸರ ಮನೆಮನೆಗೆ ಹೋಗಿ, "ಹೆಣ್ಣುಮಕ್ಕಳನ್ನೂ ಕಳಿಸಿ, ನಾವಿದ್ದೇವೆ" ಎಂದು ಕೇಳಿಕೊಂಡರು. ಮೊದಲು ಒಬ್ಬಳು ಬಂದಳು. ಎರಡನೇ ವರ್ಷಕ್ಕೆ ಮುಂದಿನ ಬೆಂಚುಗಳೆಲ್ಲ ಹುಡುಗಿಯರವೇ.

ಐವತ್ತೊಂಬತ್ತರಲ್ಲಿ ರಜೆಗೆ ಬಂದರು. ಅಕ್ಕನನ್ನು ನೋಡಲು ಊರೇ ನೆರೆಯಿತು. ಅಪ್ಪ ಇನ್ನೊಂದು ತಿಂಗಳು ಇರಿ ಎಂದು ಗೋಗರೆದರು. ಅತ್ತೆ ಆಗಲೇ ಸೀರೆ ಮಡಿಸುತ್ತಿದ್ದಳು.

"ಆಗಾಕಿಲ್ಲ ಕಣ್ಲಾ. ನಮ್ಮುಡ್ಗೀರ್ಗೆ ಪರೀಕ್ಷೆ ಅದೆ."