ಹಗ್ಗ ಹಿಡಿದ ಮೈದುನ

"ಹಗ್ಗ ಹಿಡಿಯೋಕೆ ಓದು ಬರಹ ಬೇಕಾಗಿಲ್ಲ ನೋಡಿ, ಅದಕ್ಕೇ ನಮ್ಮ ಮೈದುನನ್ನ ಕರ್ಕೊಂಡು ಬಂದೆ."

ಮತರ್ ಇದನ್ನು ಮೈಕಿನಲ್ಲೇ ಹೇಳಿದ. ದೋಣಿ ಕಟ್ಟುವ ಧಕ್ಕೆಯ ಮೇಲೆ ನೆರೆದಿದ್ದ ಜನ ಗೊಳ್ಳೆಂದು ನಕ್ಕರು. ಚಾಪೆಯ ಮೇಲೆ ಕೂತು ಏಲಕ್ಕಿ ಕಾಫಿ ಹೀರುತ್ತಿದ್ದ ಮುದುಕರೂ ನಕ್ಕರು. ಮುಂದಿನ ಸಾಲಿನಲ್ಲಿದ್ದ ಅಕ್ಕ ಅಫ್ರಾ ತಲೆಗೆ ಹೊದ್ದ ಕಪ್ಪು ಬಟ್ಟೆಯ ಅಂಚನ್ನು ಬಾಯಿಗೆ ಒತ್ತಿಕೊಂಡಳು. ನಗು ತಡೆಯಲೆಂದೋ ಇನ್ನೇತಕ್ಕೋ, ದೋಣಿಯಲ್ಲಿ ಹಗ್ಗದ ಸುರುಳಿ ಬಿಡಿಸುತ್ತಿದ್ದ ಖಲ್ಫಾನನಿಗೆ ತಿಳಿಯಲಿಲ್ಲ. ನಗುವೇ ಇರಬೇಕು ಎಂದುಕೊಂಡ. ಅವನ ಕಿವಿ ಕಾದ ಹಂಚಿನಂತಾಯಿತು.

ಶಾಲೆ ಅರ್ಧಕ್ಕೆ ಬಿಟ್ಟು ಮೀನಿನ ಬಂದರು ಸೇರಿದವನು ಅವನು, ನಿಜ. ಆದರೆ ಅದನ್ನು ಊರಿಗೆ ಸಾರಲು ಇವನ್ಯಾರು? ಅಕ್ಕನ ಗಂಡ. ಅಷ್ಟೇ.

ಅಜ್ಜಂದಿರ ಕಾಲದಲ್ಲಿ ಮುತ್ತಿನ ವ್ಯಾಪಾರ ಮುಳುಗಿ, ಒಬ್ಬೊಬ್ಬರೇ ಬಿಟ್ಟು ಹೋಗಿದ್ದ ಊರು ಇದು. ಹವಳದ ಕಲ್ಲಿನ ಗೋಡೆಗಳು ಕುಸಿದು, ಕೋಣೆಗಳ ತುಂಬ ಮರಳು ತುಂಬಿತ್ತು. ಈಗ ಪ್ರವಾಸಿಗರು ನೋಡಲೆಂದು ಮರಳು ತೆಗೆದು, ಗೋಡೆ ಎತ್ತಿ, ಸುಣ್ಣ ಬಳಿದು ನಿಲ್ಲಿಸಿದ್ದಾರೆ. ಮತರ್‌ನ ಅಜ್ಜನ ಮನೆಗೆ ತಂಗಾಳಿಯನ್ನು ಒಳಗಿಳಿಸುವ ಗೋಪುರ ಬಂತು, ಕೆತ್ತನೆಯ ಬಾಗಿಲು ಬಂತು. ಯಾಕೆಂದರೆ ಆ ಅಜ್ಜ ಮುತ್ತಿಗಾಗಿ ಮುಳುಗುತ್ತಿದ್ದವನು. ಊರಿನ ಹೆಬ್ಬಾಗಿಲಲ್ಲಿ ಮತರ್‌ನದೇ ಆಳೆತ್ತರದ ಚಿತ್ರ, ಮುಳುಗುವವನ ಬಿಳಿ ಬಟ್ಟೆಯಲ್ಲಿ, ಎದೆ ಉಬ್ಬಿಸಿಕೊಂಡು.

ಮತರ್‌ನ ಅಜ್ಜ ಮುಳುಗುತ್ತಿದ್ದ ದೋಣಿಯಲ್ಲೇ ಅವನ ಹಗ್ಗ ಹಿಡಿದು ಬೇಸಿಗೆಗಳನ್ನು ಕಳೆದವನು ಖಲ್ಫಾನನ ಅಜ್ಜ. ಅವನ ಮನೆ ಏನಾಯಿತು? ಪಾಯಿಖಾನೆ ಆಯಿತು. ಹೋದ ವಾರ ನೋಡಲು ಬಂದಾಗ ಅಜ್ಜ ಮಲಗುತ್ತಿದ್ದ ಕೋಣೆಯ ಬಾಗಿಲಿಗೆ ಗಂಡಸಿನ ಗುರುತಿನ ಚಿತ್ರ ಅಂಟಿಸಿದ್ದರು. ಖಲ್ಫಾನ್ ಅದರ ಮುಂದೆ ನಿಂತೇ ಇದ್ದ. ಹಿಂದಿನಿಂದ ಮತರ್ ಬಂದು ಹೆಗಲ ಮೇಲೆ ಕೈ ಹಾಕಿ, "ಬೇಜಾರು ಯಾಕೋ? ನಮ್ಮನೆಗಿಂತ ನಿಮ್ಮನೆಗೇ ಜಾಸ್ತಿ ಜನ ಬರೋದು" ಅಂದಿದ್ದ.

ಅಂದೂ ಖಲ್ಫಾನನ ಹೊಟ್ಟೆಯೊಳಗೆ ಕೆಂಡ ಉರಿಯುತ್ತಿತ್ತು. ಆ ಕೆಂಡ ಮನೆಯ ವಿಷಯಕ್ಕೆ ಶುರುವಾದದ್ದೂ ಅಲ್ಲ. ಅವ್ವ ತೀರಿಕೊಂಡ ಮೇಲೆ ಅವನನ್ನು ಸಾಕಿದವಳು ಅಕ್ಕ. ಮೀನಿನ ಮುಳ್ಳು ಬಿಡಿಸಿ, ಅನ್ನದ ಜೊತೆ ಕಲಸಿ, ತುತ್ತು ಬಾಯಿಗೆ ಇಡುತ್ತಿದ್ದಳು. ಮತರ್ ಬಂದ. ಮುಳ್ಳು ಬಿಡಿಸಿದ ಮೀನು ಅವನ ತಟ್ಟೆಗೆ ಹೋಗತೊಡಗಿತು. ಖಲ್ಫಾನ್ ಊಟಕ್ಕೆ ಹೋದಾಗ ಅಕ್ಕ ಇಡೀ ಮೀನನ್ನೇ ಅವನ ಮುಂದಿಟ್ಟು, "ನೀನು ದೊಡ್ಡವನಾದೆಯಲ್ಲ" ಎಂದು ನಗುತ್ತಿದ್ದಳು.

ಇವತ್ತು ಹಗ್ಗ ಹಿಡಿಯಲು ಅವನನ್ನು ಕರೆಸಿದ್ದೂ ಅಕ್ಕನೇ. ಹೊಸ ಊರು ತೆರೆಯುವ ದಿನ ಹಳೆಯ ಮುಳುಗಾಟ ತೋರಿಸಬೇಕೆಂದಾಗ, ಮತರ್ ಯಾರೋ ಗೆಳೆಯನ ಕೈಗೆ ಹಗ್ಗ ಕೊಡಲು ಹೊರಟಿದ್ದನಂತೆ. ಅಫ್ರಾ ಬಿಡಲಿಲ್ಲ. ಹಗ್ಗ ಹಿಡಿಯುವವನು ಹೆಂಡತಿಯ ಒಡಹುಟ್ಟಿದವನೇ ಆಗಬೇಕು, ಹಿಂದಿನಿಂದ ನಡೆದು ಬಂದದ್ದು ಅದು, ಎಂದು ಹಟ ಹಿಡಿದಳು. ಗೆಳೆಯನ ಗಮನ ತಪ್ಪಬಹುದು, ಗಂಡನ ಸ್ವಂತ ತಮ್ಮನಿಗೆ ಆಸ್ತಿಯ ಮೇಲೆ ಕಣ್ಣಿರಬಹುದು. ಆದರೆ ಯಾವನೂ ತನ್ನ ಅಕ್ಕನನ್ನು ವಿಧವೆ ಮಾಡುವುದಿಲ್ಲ. ಹಳಬರ ಲೆಕ್ಕ ಅಷ್ಟು ಸರಳ. ಖಲ್ಫಾನ್ ಹಿಡಿಯದಿದ್ದರೆ ನೀನು ನೀರಿಗೆ ಇಳಿಯಕೂಡದು ಎಂದು ಗಂಡನಿಗೆ ಹೇಳಿಬಿಟ್ಟಳು.

ಮತರ್ ಮೈಕು ಕೆಳಗಿಟ್ಟ. ಮೂಗಿಗೆ ಮೂಳೆಯ ಚಿಮಟಿ ಸಿಕ್ಕಿಸಿದ, ಕೊರಳಿಗೆ ಬಲೆಬುಟ್ಟಿ ಹಾಕಿಕೊಂಡ, ಕಲ್ಲು ಕಟ್ಟಿದ ಕುಣಿಕೆಗೆ ಕಾಲಿಟ್ಟ. ಜನ ಫೋನು ಎತ್ತಿ ಹಿಡಿದರು. ಎಲ್ಲ ಫೋನುಗಳೂ ಅವನ ಕಡೆಗೇ. ಅವನು ಕೈ ಬೀಸಿ, ಉಸಿರು ತುಂಬಿಕೊಂಡು, ಗುಳುಂ ಎಂದು ಮರೆಯಾದ.

ಕಲ್ಲು ತಳ ಮುಟ್ಟಿತು. ಖಲ್ಫಾನ್ ಕಲ್ಲನ್ನು ಅದರದೇ ಹಗ್ಗದಿಂದ ಮೇಲೆಳೆದು ದೋಣಿಯೊಳಗೆ ಹಾಕಿದ. ಇನ್ನು ಉಳಿದದ್ದು ಮತರ್‌ನ ಸೊಂಟಕ್ಕೆ ಕಟ್ಟಿದ ಹಗ್ಗ ಒಂದೇ. ತಳದಲ್ಲಿ ಬೆಳಗ್ಗೆಯೇ ಚಿಪ್ಪುಗಳನ್ನು ರಾಶಿ ಸುರಿದಿಟ್ಟಿದ್ದರು, ಬುಟ್ಟಿ ತುಂಬಿ ಬಂದರೆ ನೋಡಲು ಚೆನ್ನ ಎಂದು. ತುಂಬಿದ ಬುಟ್ಟಿ ಕೊರಳಲ್ಲಿದ್ದವನು, ಬಟ್ಟೆಯೆಲ್ಲ ನೀರು ಕುಡಿದು ಭಾರವಾದವನು, ತಾನಾಗಿ ಮೇಲೆ ಬರಲಾರ. ಮೇಲಿನವನು ಎಳೆದರೆ ಬಂದ, ಇಲ್ಲದಿದ್ದರೆ ಇಲ್ಲ.

ಹಗ್ಗ ಜಗ್ಗಿತು.

ಎಳೆ ಎಂದು ಅದರ ಅರ್ಥ. ಖಲ್ಫಾನನ ಕೈಗೆ ಅದು ಚೆನ್ನಾಗಿಯೇ ಗೊತ್ತಾಯಿತು. ಅವನು ಎಳೆಯಲಿಲ್ಲ.

ಕೊಲ್ಲಬೇಕೆಂದು ಅಲ್ಲ. ಆ ಕ್ಷಣ ಅವನಿಗೆ ಬೇಕಾದದ್ದು ಇಷ್ಟೇ: ಮತರ್ ಕೇಳಲಿ. ಎಲ್ಲರೆದುರು ನಗಿಸಿದ ಆ ಬಾಯಿ ಕೆಳಗೆ ಮುಚ್ಚಿಕೊಂಡು, ಓದದ ಈ ಕೈಯನ್ನು ಬೇಡಿಕೊಳ್ಳಲಿ. ಹಗ್ಗ ಮತ್ತೆ ಜಗ್ಗಿತು, ಜೋರಾಗಿ. ಖಲ್ಫಾನನಿಗೆ ಏನೋ ಒಂದು ಸುಖವಾಯಿತು, ಹೇಸಿಗೆಯ ಸುಖ. ಆಮೇಲೆ ಹಗ್ಗ ಜಗ್ಗುವುದು ಬಿಟ್ಟು ನಡುಗತೊಡಗಿತು, ಗಾಳಕ್ಕೆ ಬಿದ್ದ ಮೀನಿನ ಹಾಗೆ ಅಡ್ಡಾದಿಡ್ಡಿ. ಅವನು ತಲೆ ಎತ್ತಿದ. ಮುಂದಿನ ಸಾಲಿನಲ್ಲಿ ಅಕ್ಕ ಎದ್ದು ನಿಂತಿದ್ದಳು. ನೀರಿನ ಕಡೆ ನೋಡುತ್ತಿರಲಿಲ್ಲ, ಅವನ ಕೈಯನ್ನು ನೋಡುತ್ತಿದ್ದಳು.

ಅವನು ಎಳೆದ. ಅಂಗೈ ಸುಲಿದು ಹೋಗುವಂತೆ, ಕಾಲನ್ನು ದೋಣಿಯ ಅಂಚಿಗೆ ಕೊಟ್ಟು ಎಳೆದ.

ಮತರ್ ಮೇಲೆ ಬಂದಾಗ ತುಟಿ ನೀಲಿಗಟ್ಟಿತ್ತು. ಚಿಮಟಿ ಕಿತ್ತೆಸೆದು, ಗೊರಗೊರ ಉಸಿರೆಳೆಯುತ್ತಾ, ಖಲ್ಫಾನನ ಮುಖ ನೋಡಿದ. ಆ ಕಣ್ಣಲ್ಲಿ ಇದ್ದದ್ದು ಬರೀ ಭಯ. ಏನು ನಡೆಯಿತೆಂದು ಅವನಿಗೆ ಪೂರಾ ಗೊತ್ತಿತ್ತು. ಈಗ ಕೂಗುತ್ತಾನೆ, ಎಲ್ಲರೆದುರು ನನ್ನನ್ನು ತೋರಿಸಿ ಕೂಗುತ್ತಾನೆ ಎಂದು ಖಲ್ಫಾನ್ ಕಾದ. ಕೂಗಲಿ ಎಂದೂ ಅನ್ನಿಸಿತು.

ಅಷ್ಟರಲ್ಲಿ ಚಪ್ಪಾಳೆ ಬಿತ್ತು. ಎಂಥ ಚಪ್ಪಾಳೆ. ಮುದುಕರು ಕಾಫಿ ಬಟ್ಟಲು ಕೆಳಗಿಟ್ಟು ಎದ್ದರು. ಇಷ್ಟು ಹೊತ್ತು ತಳದಲ್ಲಿ ನಿಂತವನನ್ನು ನಮ್ಮ ಕಾಲದಲ್ಲೂ ಕಂಡಿರಲಿಲ್ಲ, ಅಜ್ಜನ ರಕ್ತ ಸುಳ್ಳಾಗುತ್ತದೆಯೇ ಎಂದು ಅವರಲ್ಲೊಬ್ಬ ಕಣ್ಣೊರೆಸಿಕೊಂಡ. ಮತರ್‌ನ ಕಣ್ಣಿನ ಭಯ ನೋಡನೋಡುತ್ತಲೇ ಆರಿತು. ಬುಟ್ಟಿ ಎತ್ತಿ ತೋರಿಸಿದ. ದೋಣಿ ಹತ್ತಿ, ಮೈಕು ತೆಗೆದುಕೊಂಡು, ಬೇಕೆಂದೇ ನಿಂತೆ, ನಿಮಗೋಸ್ಕರ ನಿಂತೆ ಅಂದ. ಮುಂದಿನ ಶುಕ್ರವಾರವೂ ಮುಳುಗುತ್ತೇನೆ ಅಂದ. ಯಾರು ಹಗ್ಗ ಹಿಡಿಯುತ್ತಾರೆಂದು ಹೇಳಲಿಲ್ಲ.

ಫೋನುಗಳು ಮತ್ತೆ ಅವನನ್ನೇ ಸುತ್ತಿಕೊಂಡವು. ಖಲ್ಫಾನ್ ತನ್ನ ಕೈಯಾರೆ ಅವನನ್ನು ಇನ್ನೂ ಎತ್ತರಕ್ಕೆ ಏರಿಸಿದ್ದ. ಅದು ಹೊಳೆದಾಗ ಅಂಗೈ ಉರಿಗಿಂತ ಹೊಟ್ಟೆಯುರಿ ಹೆಚ್ಚಾಯಿತು. ಥೂ, ಈಗಲೂ ಅದೇ ಉರಿ!

ಹಗ್ಗವನ್ನು ಸುತ್ತಿಟ್ಟು ಧಕ್ಕೆ ಹತ್ತಿದ. ಅಫ್ರಾ ಜನರನ್ನು ಸರಿಸಿಕೊಂಡು ಬಂದು ಅವನ ಮುಂದೆ ನಿಂತಳು. ಗಂಡನ ಹತ್ತಿರ ಹೋಗದೆ ಮೊದಲು ಇಲ್ಲಿಗೆ ಬಂದಿದ್ದಳು. ಎಷ್ಟು ದಿನದಿಂದ ಅವನು ಬಯಸಿದ್ದು ಅದನ್ನೇ.

ಅವನ ಕೈ ಹಿಡಿದು ಅಂಗೈ ಅಗಲಿಸಿ ನೋಡಿದಳು. ಚರ್ಮ ಕಿತ್ತು ರಕ್ತ ಜಿನುಗುತ್ತಿತ್ತು.

"ಹಗ್ಗ ಜಗ್ಗಿದ್ದು ನಾನು ನೋಡ್ದೆ" ಅಂದಳು ಮೆಲ್ಲಗೆ. "ನಾನೂ ಹಗ್ಗ ಹಿಡೀತಿದ್ದ ಅದೇ ಅಜ್ಜನ ಮೊಮ್ಮಗಳು ಕಣೋ. ನಿನ್ನ ನಂಬಿ ನಾನೇ ಅವರನ್ನ ನೀರಿಗೆ ಇಳಿಸಿದ್ದು. ಯಾಕೋ ಎಳೀಲಿಲ್ಲ?"

ಖಲ್ಫಾನ್ ಕೈ ಬಿಡಿಸಿಕೊಂಡ. ಅವಳು ಮತ್ತೆ ಅವನ ಹೆಸರು ಹಿಡಿದು ಕರೆದಳು. ಅವನು ಸುಣ್ಣ ಬಳಿದ ಗೋಡೆಗಳ ನಡುವಿನ ಓಣಿಗೆ ತಿರುಗಿದ. ಅಜ್ಜನ ಮನೆಯ ಮುಂದೆ ಸಾಲುಗಟ್ಟಿ ನಿಂತಿದ್ದ ಗಂಡಸರನ್ನು ದಾಟಿ, ಹೆಬ್ಬಾಗಿಲಲ್ಲಿ ಎದೆ ಉಬ್ಬಿಸಿ ನಿಂತ ಚಿತ್ರವನ್ನೂ ದಾಟಿ, ನಡೆದೇ ಹೋದ.