ಹಿಂದಕ್ಕೆ ಕೇಳಿದ ಪ್ರಾರ್ಥನೆ

ಸರೋವರದ ದಂಡೆಯ ಆ ಊರಿನಲ್ಲಿ ಯಾರ ಮನೆಯಲ್ಲಿ ಸಾವಾದರೂ ಎಲ್ಲರಿಗಿಂತ ಮೊದಲು ಬಂದು ಕೂರುತ್ತಿದ್ದವಳು ನ್ಯಾಲೋಂಗ್ವೆ. ಚರ್ಚಿನ ಮಹಿಳಾ ಸಂಘಕ್ಕೆ ಹದಿನಾಲ್ಕು ವರ್ಷಗಳಿಂದ ಅವಳೇ ಮುಖಂಡಳು. ಚಾಪೆಯ ಮೇಲೆ ಕಾಲು ನೀಡಿ ಕೂತು ಹಾಡು ಎತ್ತಿಕೊಂಡಳೆಂದರೆ, ನೆಲಕ್ಕೆ ಬಿದ್ದು ಹೊರಳಾಡುತ್ತಿದ್ದವರೂ ಸುಮ್ಮನಾಗುತ್ತಿದ್ದರು. ಹಾಡು ಮುಗಿದ ಮೇಲೆ ಸತ್ತವರ ತಾಯಿಯದೋ ಹೆಂಡತಿಯದೋ ಗಲ್ಲ ಹಿಡಿದೆತ್ತಿ, "ಅಳಬೇಡ ಕಣೇ. ದೇವರು ತನಗೆ ಬೇಕಾದವರನ್ನ ಕರ್ಕೊಂಡಿದ್ದಾನೆ. ನೀನು ಅತ್ತರೆ ಅವನ ಮೇಲೆ ನಂಬಿಕೆ ಇಲ್ಲ ಅಂತಾಗುತ್ತೆ," ಎನ್ನುತ್ತಿದ್ದಳು. ಮನಸ್ಸಿನಲ್ಲಿ ಇಲ್ಲದ್ದನ್ನು ಆಡುವವಳಲ್ಲ ಅವಳು. ಆದರೆ ಸಾವು ಅಲ್ಲಿಯತನಕ ಅವಳ ಹೊಸಿಲು ತುಳಿದಿರಲಿಲ್ಲ.

ತುಳಿದದ್ದು ಆಗಸ್ಟ್ ತಿಂಗಳಲ್ಲಿ, ತೆಂಕಣದಿಂದ ಮ್ವೆರಾ ಗಾಳಿ ಬೀಸುವ ದಿನಗಳಲ್ಲಿ. ಅವಳ ಒಬ್ಬನೇ ಮಗ ವೊಂಗಾನಿ, ಇಪ್ಪತ್ತೆರಡರವನು, ಬೆಳಿಗ್ಗೆ ಗೆಳೆಯನ ಜೊತೆ ಬಲೆ ಎತ್ತಲು ದೋಣಿಯಲ್ಲಿ ಹೋದ. ಬಿಸಿಲೇರುವಷ್ಟರಲ್ಲಿ ಗಾಳಿ ಎದ್ದು ನೀರು ಬೆಳ್ಳಗೆ ಕುದಿಯತೊಡಗಿತು. ದೋಣಿ ಮಗುಚಿತು. ಗೆಳೆಯ ಈಜಿ ದಡ ಸೇರಿದ, ವೊಂಗಾನಿ ಸೇರಲಿಲ್ಲ. ಮೂರನೆಯ ದಿನ ಜೊಂಡಿನ ನಡುವೆ ಹೆಣ ಸಿಕ್ಕಿತು. ಮುಖದಿಂದ ಗುರುತು ಹಿಡಿಯುವಂತಿರಲಿಲ್ಲ. ಅಪ್ಪ ಎಲೆಸ್ಟೋನಿ, ಬಲೆ ರಿಪೇರಿ ಮಾಡುವವನು, ತಾನೇ ಬಲೆಯ ದಾರದಿಂದ ಹೊಲಿದುಕೊಟ್ಟಿದ್ದ ಅಂಗಿಯ ತೋಳನ್ನು ಮುಟ್ಟಿ ನೋಡಿ, "ನಮ್ಮವನೇ," ಎಂದ.

ಸಂಘದ ಹೆಂಗಸರೆಲ್ಲ ಬಂದರು. ಹಾಡು ಎತ್ತಿಕೊಂಡವಳು ಉಪಮುಖಂಡಳಾದ ನ್ಯಾಕಮಾಂಗ. ಪಾಪ, ಚಿಕ್ಕವಳು, ಎಲ್ಲವನ್ನೂ ನ್ಯಾಲೋಂಗ್ವೆಯಿಂದಲೇ ಕಲಿತವಳು. ಹಾಡು ಮುಗಿಸಿ ಮುಂದೆ ಬಂದು, ಅವಳ ಗಲ್ಲ ಹಿಡಿದೆತ್ತಿ, "ಅಳಬೇಡಿ ಅಮ್ಮ. ದೇವರು ತನಗೆ ಬೇಕಾದವರನ್ನ..." ಎಂದು ಶುರುಮಾಡಿದಳು.

ನ್ಯಾಲೋಂಗ್ವೆ ಅವಳ ಕೈ ತಳ್ಳಿಹಾಕಿದಳು.

"ಅವನಿಗೆ ಯಾಕೆ ಬೇಕಿತ್ತೇ? ಅವನ ಹತ್ರ ಮೀನು ಹಿಡಿಯೋರು ಯಾರೂ ಇರಲಿಲ್ವಾ? ಏಳಿ ಎಲ್ಲ! ಹೊರಗೆ ನಡೀರಿ!"

ಊರು ಬಾಯಿ ಮೇಲೆ ಕೈ ಇಟ್ಟುಕೊಂಡಿತು. ನಲ್ಲಿಯ ಹತ್ತಿರ ಒಬ್ಬಳು, "ಬೇರೆಯವರ ಮನೇಲಿ ಇಷ್ಟುದ್ದ ನಂಬಿಕೆ, ತನ್ನ ಮನೇಲಿ ನೋಡು," ಎಂದು ಬೆರಳ ತುದಿ ತೋರಿಸಿದಳಂತೆ. ನ್ಯಾಲೋಂಗ್ವೆಗೆ ಅದು ತಿಳಿಯಿತು. ಅದರಲ್ಲಿ ಸುಳ್ಳೇನಿದೆ ಎನ್ನಿಸಿತು.

ಐದು ಭಾನುವಾರ ಅವಳು ಚರ್ಚಿಗೆ ಹೋಗಲಿಲ್ಲ. ಮನೆಯಲ್ಲಿ ಮಂಡಿಯೂರಿ ಕರ್ತನ ಪ್ರಾರ್ಥನೆ ಹೇಳಲು ನೋಡಿದಳು. 'ನಿನ್ನ ಚಿತ್ತವು ನೆರವೇರಲಿ' ಎಂಬಲ್ಲಿಗೆ ಬರುತ್ತಿದ್ದಂತೆ ನಾಲಗೆ ನಿಂತುಬಿಡುತ್ತಿತ್ತು. ಮತ್ತೆ ಮೊದಲಿನಿಂದ ಹೇಳಿದರೆ ಮತ್ತೆ ಅಲ್ಲೇ.

"ದೇವರು ಅನ್ನೋನು ಇದ್ದಾನೆ ಅಂತೀರಾ?" ಎಂದು ಒಂದು ದಿನ ಗಂಡನನ್ನು ಕೇಳಿದಳು.

ಎಲೆಸ್ಟೋನಿ ಬಲೆಯಿಂದ ತಲೆ ಎತ್ತಲಿಲ್ಲ. "ಇಷ್ಟು ವರ್ಷ ನೀನೇ ತಾನೆ ನಂಗೆ ಹೇಳ್ತಾ ಇದ್ದವಳು? ನನ್ನನ್ನ ಕೇಳಬೇಡ. ನಂಗೆ ಗೊತ್ತಿರೋದು ಗಂಟು ಹಾಕೋದೊಂದೇ."

ಆಮೇಲೆ ದಾರ ಕೆಳಗಿಟ್ಟು ಗೋಡೆಯ ಕಡೆ ತಿರುಗಿ ಕೂತ. ಅವನ ಬೆನ್ನು ಕುಲುಕುತ್ತಿತ್ತು. ಅವನ ಗಲ್ಲ ಹಿಡಿದೆತ್ತಲು ಚಾಚಿದ ಕೈಯನ್ನು ಅವಳು ಹಿಂದಕ್ಕೆಳೆದುಕೊಂಡಳು. ಆಗಲೇ ಅವಳಿಗೆ ಫೈನೆಸಿಯ ನೆನಪಾದದ್ದು.

ಫೈನೆಸಿ ಊರ ಕೊನೆಯಲ್ಲಿ ಮರಗೆಣಸು ಬೆಳೆದು ಬದುಕುವ ಹೆಂಗಸು. ಆರು ವರ್ಷದ ಹಿಂದೆ ದಡಾರ ಬಂದು ಅವಳ ಅವಳಿ ಹೆಣ್ಣುಮಕ್ಕಳು ಒಂದೇ ವಾರದಲ್ಲಿ ಸತ್ತಿದ್ದರು. ಗಂಡ ಬಿಟ್ಟು ಹೋದ. ಅವಳ ಗಲ್ಲವನ್ನೂ ನ್ಯಾಲೋಂಗ್ವೆ ಎರಡೆರಡು ಸಲ ಹಿಡಿದೆತ್ತಿದ್ದಳು. ಎರಡನೆಯ ಸಲ ಅವಳು ಅಳು ನುಂಗಿಕೊಂಡ ಸದ್ದು, ಗಂಟಲಲ್ಲಿ ಏನೋ ಮುರಿದ ಹಾಗೆ, ಈಗ ಕಿವಿಗೆ ಬಂದು ಬಡಿಯಿತು.

ಮರುದಿನ ಬೆಳಿಗ್ಗೆ ಎದ್ದು ಹೋದಳು. ಫೈನೆಸಿ ಅಂಗಳದಲ್ಲಿ ಮರಗೆಣಸಿನ ಸಿಪ್ಪೆ ಹೆರೆಯುತ್ತಿದ್ದಳು. ಬಂದವಳನ್ನು ಕಂಡು ಕತ್ತಿ ಕೈಯಿಂದ ಜಾರಿತು.

"ಕೂತ್ಕೋ, ಏಳಬೇಡ," ಎಂದಳು ನ್ಯಾಲೋಂಗ್ವೆ. ತಾನೂ ನೆಲದ ಮೇಲೆ ಕೂತಳು. "ನಿನ್ನ ಮಕ್ಕಳು ಹೋದಾಗ ನಿಂಗೆ ಅಳಬೇಡ ಅಂದೆ. ನಂಗೇನೂ ಗೊತ್ತಿರಲಿಲ್ಲ ಫೈನೆಸಿ. ಗೊತ್ತಿರೋ ಹಾಗೆ ಮಾತಾಡಿದೆ. ನನ್ನನ್ನ ಕ್ಷಮಿಸು."

ಫೈನೆಸಿಯ ಮುಖ ಬೂದಿಯ ಬಣ್ಣಕ್ಕೆ ತಿರುಗಿತು.

"ಹಾಗನ್ನಬೇಡಿ ಅಮ್ಮ. ನಿಮಗೆ ಗೊತ್ತಿಲ್ಲ. ನಿಮ್ಮ ಮಗನ್ನ ಕೊಂದಿದ್ದು ನಾನು."

"ಏನಂತೀಯೇ?"

"ಅವತ್ತು ನೀವು ಹೋದ್ಮೇಲೆ ಮಂಡಿಯೂರಿ ಕೇಳ್ಕೊಂಡೆ. ದೇವರೇ, ಈ ಹೆಂಗಸಿಗೂ ಒಂದು ದಿನ ಇದನ್ನ ತೋರಿಸು, ಆಗ ಅವಳು ಏನಂತಾಳೋ ನೋಡ್ತೀನಿ ಅಂತ. ಮಾರನೇ ದಿನಾನೇ ಹೆದರಿಕೆ ಆಯ್ತು. ಬೇಡ ಸ್ವಾಮಿ, ಆ ಮಾತು ವಾಪಸ್ಸು ಕೊಡು ಅಂದೆ. ಆರು ವರ್ಷ ದಿನಾ ಬೆಳಿಗ್ಗೆ ಕೇಳಿದೀನಿ. ವೊಂಗಾನಿ ದೋಣಿ ಹತ್ತಿದ ದಿನಾನೂ ಕೇಳಿದ್ದೆ. ಕೊಡಲಿಲ್ಲ ಅವನು."

ನ್ಯಾಲೋಂಗ್ವೆ ಎದ್ದು ನಿಂತಳು. ಅವಳ ಕೈಗಳು ತಾವೇ ಮುಷ್ಟಿಯಾದವು. ಅಂಗಳ ದಾಟಿ, ಬೇಲಿ ದಾಟಿ, ನೀರಿನ ತನಕ ನಡೆದಳು. ಗಾಳಿ ಅಂದೂ ಬೀಸುತ್ತಿತ್ತು, ಯಾರ ಮಾತೂ ಕೇಳದೆ, ಯಾರ ಹೆಸರೂ ತಿಳಿಯದೆ. ಅದನ್ನೇ ನೋಡುತ್ತ ಬಹಳ ಹೊತ್ತು ನಿಂತಳು. ಆರು ವರ್ಷ ಪ್ರತಿ ಬೆಳಿಗ್ಗೆ ತನ್ನ ಮಗನಿಗಾಗಿ ಯಾರೋ ಬೇಡಿಕೊಂಡಿದ್ದರು, ಹೆತ್ತ ತಾನೇ ಅಷ್ಟು ತಪ್ಪದೆ ಬೇಡಿಕೊಂಡಿರಲಿಲ್ಲ.

ಹಿಂತಿರುಗಿ ಬಂದಾಗ ಫೈನೆಸಿ ಕೂತಲ್ಲೇ ಇದ್ದಳು.

"ಹುಚ್ಚಿ," ಎಂದಳು ನ್ಯಾಲೋಂಗ್ವೆ. "ನಿನ್ನ ಕೋಪದ ಮಾತಿಗೆ ನನ್ನ ಮಗನ್ನ ಕೊಲ್ಲೋಷ್ಟು ಕೆಟ್ಟವನಲ್ಲ ದೇವರು. ಅದು ಗಾಳಿ ಕಣೇ. ಗಾಳಿ, ಹಳೇ ದೋಣಿ." ತನ್ನ ಬಾಯಿಂದ ದೇವರ ಪರವಾಗಿ ಮಾತು ಬಂದದ್ದು ಕೇಳಿ ಅವಳಿಗೇ ಬೆರಗಾಯಿತು.

ಫೈನೆಸಿ ಆಗ ಅತ್ತಳು. ಆರು ವರ್ಷದ್ದನ್ನೆಲ್ಲ ಅತ್ತಳು. ನ್ಯಾಲೋಂಗ್ವೆಯೂ ಅತ್ತಳು. ಕೋಳಿಗಳು ಬಂದು ಸಿಪ್ಪೆ ಕೆದಕಿ ಚೆಲ್ಲಾಪಿಲ್ಲಿ ಮಾಡಿದವು, ಇಬ್ಬರೂ ಓಡಿಸಲಿಲ್ಲ.

"ಇಷ್ಟೆಲ್ಲ ಇಟ್ಕೊಂಡು ಪ್ರತಿ ಭಾನುವಾರ ಚರ್ಚಿಗೆ ಹೇಗೆ ಬರ್ತಿದ್ದೆ?"

"ಇನ್ನೆಲ್ಲಿಗೆ ಹೋಗಲಿ ಅಮ್ಮ?" ಫೈನೆಸಿ ಸುತ್ತಿಕೊಂಡ ಬಟ್ಟೆಯ ಅಂಚಿನಿಂದ ಮೂಗು ಒರೆಸಿಕೊಂಡಳು. "ನಂಗೆ ಜಗಳ ಇರೋದು ಅವನ ಹತ್ರಾನೇ. ಅವನ ಮನೆ ಬಿಟ್ಟು ಬೇರೆ ಕಡೆ ನಿಂತು ಕೂಗಿದ್ರೆ ಕೇಳಿಸುತ್ತಾ?"

ಆರನೆಯ ಭಾನುವಾರ ಇಬ್ಬರೂ ಒಟ್ಟಿಗೆ ಹೋದರು. ನ್ಯಾಲೋಂಗ್ವೆ ಮುಖಂಡಳ ಬೆಂಚಿಗೆ ಹೋಗದೆ ಎಲ್ಲರಿಗಿಂತ ಹಿಂದೆ ಫೈನೆಸಿಯ ಪಕ್ಕ ಕೂತಳು. ಪ್ರಾರ್ಥನೆಯ ಹೊತ್ತಿಗೆ ಹಿರಿಯರು ಅವಳ ಕಡೆ ನೋಡಿದರು, ಅಭ್ಯಾಸಬಲ. ಅವಳು ಎದ್ದು ನಿಂತಳು. ಮುಂದಿನ ಬೆಂಚುಗಳವರೆಲ್ಲ ಹಿಂದಕ್ಕೆ ತಿರುಗಿ ನೋಡಿದರು.

"ತಂದೆಯೇ," ಎಂದಳು. "ನಿನ್ನ ಮೇಲೆ ನಂಗೆ ಕೋಪ ಇದೆ. ಆದರೂ ನಾನು ನಿನ್ನವಳೇ. ಬಂದಿದೀನಿ."

ಅಷ್ಟು ಹೇಳಿ ಕೂತಳು. ಆಮೆನ್ ಹೇಳಬೇಕೋ ಬೇಡವೋ ಎಂದು ಜನಕ್ಕೆ ತೋಚಲಿಲ್ಲ. ಗಂಡಸರ ಕಡೆಯ ಬಾಗಿಲ ಬಳಿಯಿಂದ ಒಂದೇ ದನಿ, ಒಡೆದದ್ದು, "ಆಮೆನ್," ಎಂದಿತು. ಎಲೆಸ್ಟೋನಿ ಯಾವಾಗ ಬಂದು ನಿಂತಿದ್ದನೋ ಅವಳು ನೋಡಿರಲಿಲ್ಲ.